ಅಕ್ಕಿ ಮೂಟೆಯ ಹಿಂದಿದ್ದ ಹೆಸರಿನ ಪುಸ್ತಕ

ಸೊಸೆಗೆ ಆರು ತಿಂಗಳಾಗಿದ್ದಾಗ, ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅಕ್ಕಿ ಮೂಟೆಯ ಹಿಂದೆ ನನಗೊಂದು ಪುಸ್ತಕ ಸಿಕ್ಕಿತು. ಲೈಬ್ರರಿಯದು. ಗಂಡುಮಕ್ಕಳಿಗೆ ಇಡುವ ಇಂಗ್ಲಿಷ್ ಹೆಸರುಗಳು, ಅವುಗಳ ಅರ್ಥ, ಮೂಲ. ಅದು ಅಲ್ಲಿ ಬಿದ್ದಿರಲಿಲ್ಲ, ಯಾರೋ ಇಟ್ಟಿದ್ದರು. ಬಿದ್ದ ಪುಸ್ತಕ ಹಾಳೆ ಮಡಚಿಕೊಂಡು ಬಿದ್ದಿರುತ್ತದೆ. ಇದು ನೆಟ್ಟಗೆ, ಬೆನ್ನನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಿಂತಿತ್ತು.

ಹುಟ್ಟುವುದು ಗಂಡುಮಗು ಎಂದು ಸ್ಕ್ಯಾನಿಂಗಿನಲ್ಲಿ ಹೇಳಿದ್ದರು. ನಮ್ಮವರ ಮನೆತನದಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರು. ನಮ್ಮವರಿಗೆ ಬಂದಿರುವುದೂ ಅವರ ತಾತನ ಹೆಸರೇ. ಈ ಮಗುವಿಗೂ ಹಾಗೆಯೇ, ಅದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ. ಹಾಗಿರುವಾಗ ಈ ಪುಸ್ತಕ ಯಾರಿಗೆ ಬೇಕಾಯಿತು?

ಮನೆಯಲ್ಲಿ ಇರುವವರು ನಾಲ್ಕೇ ಜನ. ಮಗ ಬೆಳಿಗ್ಗೆ ಸ್ಟೌಫ್‌ವಿಲ್ ಸ್ಟೇಷನ್ನಿನಲ್ಲಿ ಟ್ರೈನು ಹತ್ತಿದರೆ ಬರುವುದು ಸಂಜೆ. ಅವನು ಪುಸ್ತಕ ಹಿಡಿದದ್ದನ್ನು ನಾನು ಕಂಡು ಎಷ್ಟೋ ವರ್ಷವಾಯಿತು. ನಮ್ಮವರು ರಿಟೈರಾದ ಮೇಲೆ ಓದುವುದು ಅಂಗಡಿಗಳ ಫ್ಲೈಯರು, ಅದನ್ನೂ ಕತ್ತರಿ ಹಿಡಿದುಕೊಂಡು. ಉಳಿದದ್ದು ಸೊಸೆ. ಉಡುಪಿ ಕಡೆಯವರ ಮಗಳು, ಬೆಳೆದದ್ದು ಈ ಪರದೇಶದಲ್ಲೇ, ಹತ್ತಿರದ ಊರು ಪಿಕರಿಂಗ್‌ನಲ್ಲಿ. ನಮ್ಮ ಹತ್ತಿರ ಕನ್ನಡ, ಗಂಡನ ಹತ್ತಿರ ಇಂಗ್ಲಿಷು, ಫೋನಿನಲ್ಲಿ ತಾಯಿಯ ಹತ್ತಿರ ತುಳು. ತುಳುವಿಗೆ ಇಳಿದಳೆಂದರೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ. ಆ ವಾರ ತುಳು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿತು.

ಪುಸ್ತಕವನ್ನು ಅಲ್ಲೇ ಬಿಟ್ಟು, ದಿನಾ ಬಟ್ಟೆ ಒಣಗಿಸುವ ನೆಪದಲ್ಲಿ ಕೆಳಗಿಳಿದು ಓದತೊಡಗಿದೆ. ಓದುತ್ತಾ ಪುಸ್ತಕದ ಮೇಲೂ ಅನುಮಾನ ಬಂತು. ಹೊದಿಕೆಯ ಮೇಲೆ ಇಂಗ್ಲಿಷ್ ಹೆಸರು ಎಂದಿದೆ, ಒಳಗೆ ನೋಡಿದರೆ ಅರ್ಧಕ್ಕರ್ಧ ಬೇರೆ ಊರಿನವು. ಜಾರ್ಜ್ ಗ್ರೀಕರದಂತೆ, ರೈತ ಎಂದು ಅರ್ಥ. ಫಿಲಿಪ್ ಎಂದರೆ ಕುದುರೆಗಳನ್ನು ಪ್ರೀತಿಸುವವನು. ಪೀಟರ್ ಎಂದರೆ ಬಂಡೆ, ಅದನ್ನು ನಮ್ಮ ಕಾನ್ವೆಂಟಿನ ಸಿಸ್ಟರು ಕ್ರಿಶ್ಚಿಯನ್ ಮಕ್ಕಳಿಗೆ ಕ್ಯಾಟಕಿಸಂ ಕ್ಲಾಸಿನಲ್ಲಿ ಹೇಳುವಾಗ ನಾನು ಪಕ್ಕದ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕುಳಿತೇ ಕೇಳಿಸಿಕೊಂಡಿದ್ದೆ. ಕ್ಯಾಮೆರಾನ್ ಸ್ಕಾಟ್ಲೆಂಡಿನದು, ಸೊಟ್ಟ ಮೂಗು ಎಂದರ್ಥ. ಕ್ಯಾಲ್ವಿನ್ ಎಂದರೆ ಬೋಳುತಲೆ. ಹೆತ್ತ ಮಗುವಿಗೆ ಸೊಟ್ಟ ಮೂಗು ಎಂದು ಕರೆಯುವ ತಾಯಂದಿರೂ ಇದ್ದಾರೆಯೇ? ಕಾನ್ವೆಂಟಿನ ಗೇಟಿನೊಳಗೆ ಇಂಗ್ಲಿಷ್ ಹೆಸರೆಂದರೆ ಸಂತರದ್ದು. ಗೇಟು ದಾಟಿ ನಮ್ಮ ಬೀದಿಗೆ ಬಂದರೆ ಟಾಮಿ, ಜಿಮ್ಮಿ, ಎಲ್ಲ ನಾಯಿಗಳದ್ದು. ನನ್ನ ಮೊಮ್ಮಗ ಈ ಎರಡರಲ್ಲಿ ಯಾವ ಸಾಲಿಗೆ ಸೇರುವವನು ಎಂದು ಡ್ರೈಯರಿನ ಮುಂದೆ ಕುಳಿತು ಯೋಚಿಸಿದ್ದುಂಟು.

ಪುಸ್ತಕದಲ್ಲಿ ಮೂರು ಕಡೆ ಕಾಗದದ ಪಟ್ಟಿಗಳಿದ್ದವು. ಫ್ಲೈಯರಿನಿಂದ ಕತ್ತರಿಸಿದವು, ಮೂರೂ ಒಂದೇ ಅಗಲ. ಮೊದಲನೆಯದು ನಿಕೋಲಸ್: ಗ್ರೀಕ್, ಜನರ ಗೆಲುವು. ಆಮೇಲೆ ವಿಕ್ಟರ್: ಲ್ಯಾಟಿನ್, ಗೆದ್ದವನು. ಆಮೇಲೆ ವಿನ್ಸೆಂಟ್: ಅದೂ ಲ್ಯಾಟಿನ್, ಗೆಲ್ಲುತ್ತಿರುವವನು.

ನಮ್ಮವರ ಹೆಸರಿನ ಅರ್ಥವೂ ಗೆಲುವು ಎಂದೇ. ಇಷ್ಟು ಬರೆದದ್ದೇ ಹೆಚ್ಚಾಯಿತು, ಹೆಸರನ್ನು ಬರೆಯಲಾರೆ.

ಹುಡುಗಿಯ ಜಾಣತನಕ್ಕೆ ತಲೆದೂಗಿದೆ. ತಾತನ ಹೆಸರನ್ನು ಬಿಟ್ಟರು ಎಂದು ಯಾರೂ ಬಾಯಿಬಿಡುವ ಹಾಗಿಲ್ಲ. 'ಅರ್ಥ ಅದೇ ಅಲ್ವಾ ಅತ್ತೆ' ಅಂದುಬಿಟ್ಟರೆ ಮುಗಿಯಿತು. ಆ ದಿನ ಪುಸ್ತಕವನ್ನು ತಂದು ನನ್ನ ರೇಷ್ಮೆ ಸೀರೆಗಳ ಸೂಟ್‌ಕೇಸಿಗೆ ಸೇರಿಸಿದೆ. ರಾತ್ರಿ ಊಟಕ್ಕೆ ಬಡಿಸುವಾಗ ಸುಮ್ಮನಿರಲಾಗಲಿಲ್ಲ.

"ಈಗಿನ ಕಾಲದಲ್ಲಿ ಹಿರಿಯರ ಹೆಸರು ಯಾರಿಗೆ ಬೇಕು ಹೇಳಮ್ಮ. ಇಲ್ಲಿನ ಹೆಸರೇ ಸಲೀಸು, ಅಲ್ವಾ?" ಅಂದೆ.

ಅವಳು ನನ್ನನ್ನೇ ನೋಡಿ, "ಹೌದಾ ಅತ್ತೆ?" ಎಂದಳು. ಸಾರನ್ನ ಅರ್ಧ ತಟ್ಟೆಯಲ್ಲೇ ಉಳಿಯಿತು. ಸಿಕ್ಕಿಬಿದ್ದಳು ಎಂದು ನಾನು ಅಂದುಕೊಂಡೆ. ನಮ್ಮವರು ಉಪ್ಪಿನಕಾಯಿ ಜಾಡಿಯ ಲೇಬಲ್ಲು ಓದುತ್ತಿದ್ದರು.

ಮರುದಿನದಿಂದ ನಮ್ಮವರು ಬೇಸ್‌ಮೆಂಟಿಗೆ ಇಳಿದು ಹತ್ತುವುದು ಶುರುವಾಯಿತು. ಮೂಟೆ ಸರಿಸುವ ಸದ್ದು, ಡಬ್ಬಗಳ ಸದ್ದು.

"ಏನು ಹುಡುಕ್ತಿದ್ದೀರಿ?"

"ಸ್ಕ್ರೂಡ್ರೈವರು."

ಸ್ಕ್ರೂಡ್ರೈವರು ಅಡುಗೆಮನೆಯ ಕಿಟಕಿಯಲ್ಲಿತ್ತು, ಅವರೇ ಇಟ್ಟದ್ದು. ಹಾಗಾದರೆ ಮಾವ ಸೊಸೆ ಇಬ್ಬರದೂ ಒಂದೇ ಪಾರ್ಟಿಯೋ! ಮೂರನೆಯ ದಿನ ತಡೆಯಲಾಗಲಿಲ್ಲ. ಸೂಟ್‌ಕೇಸಿನಿಂದ ಪುಸ್ತಕ ತೆಗೆದು ಅವರ ಕಾಫಿ ಲೋಟದ ಪಕ್ಕ ಇಟ್ಟೆ.

"ಇದಾ ಸ್ಕ್ರೂಡ್ರೈವರು?"

"ಅಯ್ಯೋ, ನಿನ್ನ ಹತ್ರ ಇತ್ತಾ! ಹೆಸರು ಆರಿಸೋವರೆಗೂ ನಿನಗೆ ಕಾಣ್ದಿರ್ಲಿ ಅಂತ ಮೂಟೆ ಹಿಂದೆ ಇಟ್ಟಿದ್ದೆ. ನಾಳೆ ವಾಪಸ್ ಕೊಡ್ಬೇಕು ಕಣೇ ಅದನ್ನ."

ಒಂದೇ ಅಗಲದ ಮೂರು ಪಟ್ಟಿಗಳು. ಮೂವತ್ತು ವರ್ಷ ಕಟ್ಟಡಗಳ ಪ್ಲಾನು ಬರೆದ ಕೈ. ಅದು ಹೇಗೆ ನನಗೆ ಹೊಳೆಯಲಿಲ್ಲವೋ.

"ನಿಮ್ಮ ಹೆಸರು ಮಗುವಿಗೆ ಬೇಡವೇ ನಿಮಗೆ?" ಎಂದೆ.

ಅವರು ಲೋಟ ಕೆಳಗಿಟ್ಟರು. "ನಮ್ಮಮ್ಮ ನನ್ನ ಹೆಸರು ಹಿಡಿದು ಕರೆದದ್ದು ಕೇಳಿದ್ದೀಯಾ ನೀನು?"

ಕೇಳಿಲ್ಲ. ಮಗನಿಗೆ ಇಟ್ಟದ್ದು ಮಾವನ ಹೆಸರು, ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕೊನೆಯವರೆಗೂ ಅವರನ್ನು 'ಮರಿ' ಎಂದೇ ಕರೆದರು. ತಲೆ ನೆರೆತ ಮನುಷ್ಯ, ಮರಿ.

"ನೀನೂ ಕರೆಯಲ್ಲ. 'ರೀ', 'ಏನೂಂದ್ರೆ'. ಆಫೀಸಲ್ಲಿ ನಾಲ್ಕು ಜನ ಕರೀತಿದ್ರು, ರಿಟೈರಾದ್ಮೇಲೆ ಅದೂ ಹೋಯ್ತು. ನಾಳೆ ಸೊಸೆ ಕೆಲಸಕ್ಕೆ ಹೋದ್ರೆ ಮಗು ಇಡೀ ದಿನ ನಿನ್ನ ಹತ್ರ. ಅವನನ್ನೂ ಮರಿ ಅಂತೀಯ. ಅವನಿಗಾದ್ರೂ ಮನೆಯೊಳಗೆ ಒಂದು ಹೆಸರಿರ್ಲಿ ಅಂತ."

"ಅದಕ್ಕೆ ಇಂಗ್ಲಿಷೇ ಆಗ್ಬೇಕಾ?"

"ಮತ್ತೆ? ಅದೇ ಅರ್ಥದ್ದು ನಮ್ಮಲ್ಲಿ ಯಾವುದು ಉಳಿದಿದೆ ಹೇಳು. ಒಂದು ದೊಡ್ಡಪ್ಪಂದು, ಒಂದು ಚಿಕ್ಕಪ್ಪಂದು, ಇನ್ನೊಂದು ನಮ್ಮಣ್ಣಂದು. ಯಾವುದೂ ನಿನ್ನ ಬಾಯಲ್ಲಿ ಬರಲ್ಲ. ಕಾನ್ವೆಂಟಲ್ಲಿ ಓದಿದೋಳು ನೀನು, ಇಂಗ್ಲಿಷ್ ಹೆಸರಾದ್ರೆ ಬಾಯ್ತುಂಬ ಕರೀತೀಯ ಅಂದ್ಕೊಂಡೆ."

ಮನಸ್ಸಿನಲ್ಲೇ ಎಣಿಸಿ ನೋಡಿದೆ. ನಿಜ, ಗೆಲುವಿನ ಹೆಸರುಗಳನ್ನೆಲ್ಲ ಅತ್ತೆಮನೆಯ ಹಿರಿಯರು ಹಂಚಿಕೊಂಡುಬಿಟ್ಟಿದ್ದರು. ನಗು ಬಂತು. ಅದರ ಹಿಂದೆಯೇ ತಟ್ಟೆಯಲ್ಲಿ ಉಳಿದ ಸಾರನ್ನ ನೆನಪಾಯಿತು.

ಮೇಲೆ ಹೋದೆ. ಸೊಸೆ ಲ್ಯಾಪ್‌ಟಾಪಿನ ಮುಂದೆ ಕಾಲು ನೀಡಿ ಕುಳಿತಿದ್ದಳು. "ಆ ಪುಸ್ತಕ ನಿಂದು ಅಂದ್ಕೊಂಡು ಮೊನ್ನೆ ಆ ಮಾತಾಡಿದೆ ಕಣಮ್ಮ. ತಪ್ಪಾಯ್ತು."

"ಯಾವ ಪುಸ್ತಕ ಅತ್ತೆ?"

ಎಲ್ಲವನ್ನೂ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ನಾನು ಎಂತ ತಿಳ್ಕೊಂಡೆ ಗೊತ್ತುಂಟಾ? ಮಾವನ ಹೆಸರು ನಿಮಗೇ ಬೇಡ ಅಂತ. ಐ ರಿಯಲಿ ವಾಂಟೆಡ್ ದಟ್ ನೇಮ್, ಅತ್ತೆ. ಅಮ್ಮನ ಹತ್ರ ಒಂದು ವಾರದಿಂದ ಅದೇ ಮಾತು, ಇಡ್ಲಿಕ್ಕೆ ನಿಮ್ಮನ್ನ ಹೇಗೆ ಕೇಳುವುದು ಅಂತ. ನಿಮಗೆ ಕರೀಲಿಕ್ಕೆ ಆಗದಿದ್ರೆ ನೀವು ಕರೀಬೇಡಿ. ನಾನು ಕರೀತೇನೆ. ಅದ್ರಲ್ಲಿ ಎಂತ ಉಂಟು?"

ಸೊಸೆಯಾದವಳು ಮಾವನ ಹೆಸರನ್ನು ಕೂಗುವುದೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಾಮಕರಣದಲ್ಲಿ ಅಕ್ಕಿಯ ಮೇಲೆ ಮಗ ಬರೆದದ್ದು ಅಪ್ಪನ ಹೆಸರನ್ನೇ. ಪುಸ್ತಕವೇನೋ ಹೇಳಿದ ದಿನಕ್ಕೆ ವಾಪಸಾಗಿತ್ತು. ಆದರೆ ನಮ್ಮವರ ಹಟಕ್ಕೆ ಬರ್ತ್ ಸರ್ಟಿಫಿಕೇಟಿನಲ್ಲಿ ನಡುವಿನ ಹೆಸರಾಗಿ ವಿನ್ಸೆಂಟ್ ಕೂಡ ಸೇರಿತು. ಅದನ್ನು ನಾನು ಎರಡು ಸಲ ಕರೆದು ನೋಡಿದೆ. ಮಗು ತಿರುಗಲಿಲ್ಲ. ನನಗೂ ಹಾಜರಿ ಕೂಗಿದ ಹಾಗಾಯಿತು, ಬಿಟ್ಟೆ. ಈಗ 'ಮರಿ' ಎಂದೇ ಕರೆಯುತ್ತೇನೆ.

ಸೊಸೆ ಮಾತ್ರ ಮೆಟ್ಟಿಲ ಮೇಲೆ ನಿಂತು ಇಡೀ ಮನೆಗೆ ಕೇಳುವ ಹಾಗೆ ತಾತನ ಹೆಸರನ್ನೇ ಪೂರ್ತಿಯಾಗಿ ಕೂಗುತ್ತಾಳೆ. ಮಗು ಇನ್ನೂ ಅಂಬೆಗಾಲಿನಲ್ಲಿದೆ, ಅದು ಎಲ್ಲಿ ಓಗೊಡಬೇಕು. "ಓ, ಬಂದೆ!" ಎನ್ನುವುದು ನಮ್ಮವರು. ಹಿತ್ತಲಲ್ಲಿದ್ದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಬರುತ್ತಾರೆ. "ನಿಮ್ಮನ್ನಲ್ಲ ಮಾವ!" ಎಂದು ಅವಳು ನಗುತ್ತಾಳೆ. "ಓ, ನನ್ನನ್ನೇ ಅಂದ್ಕೊಂಡೆ" ಎಂದು ಅವರು ಹಿಂದಿರುಗುತ್ತಾರೆ. ದಿನಕ್ಕೆ ನಾಲ್ಕೈದು ಸಲ ಇದೇ ಆಯಿತು. ಅವರ ಕಿವಿ ಚೆನ್ನಾಗಿಯೇ ಇದೆ. ಕರೆದದ್ದು ಯಾರನ್ನೆಂದು ಗೊತ್ತಿದ್ದೂ ಬರುತ್ತಾರೆ ಎಂದು ನನಗೆ ಬಲವಾದ ಅನುಮಾನ.