ಸಪ್ಪಲಮ್ಮನ ಏಳನೇ ಬಾಟಲಿ

ನಾಲ್ಕು ಇಪ್ಪತ್ತಕ್ಕೆ ಹಗಲಿನವರು ಲ್ಯಾಬ್ ಬಿಡುತ್ತಾರೆ, ಐದಕ್ಕೆ ಸಂಜೆಯವರು ಬರುತ್ತಾರೆ. ನಡುವಿನ ನಲವತ್ತು ನಿಮಿಷ ಸಪ್ಪಲಮ್ಮನದು.

ಕತ್ರಿಗುಪ್ಪೆಯ ಹಳೇ ಊರಿನ ಈ ಹೆಂಗಸು ಜಯನಗರದ ಸರ್ಕಾರಿ ಪದವಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿ ಆದಮೇಲೆ ಮದುವೆ, ಮದುವೆಯಾದಮೇಲೆ ಕೆಲಸ. ಪುಸ್ತಕ ಮತ್ತೆ ಕೈಗೆ ಬರಲಿಲ್ಲ. ಆದರೆ ಯಾವ ಹುಡುಗ ಬ್ಯುರೆಟ್ ಎಂಬ ಅಳತೆಗೊಳವೆಯ ನಲ್ಲಿಯನ್ನು ಅವಸರದಲ್ಲಿ ತಿರುಗಿಸುತ್ತಿದ್ದಾನೆ, ಯಾವ ಹುಡುಗಿಯ ಫ್ಲಾಸ್ಕಿನಲ್ಲಿ ಇನ್ನೆರಡು ಹನಿಗೆ ಗುಲಾಬಿ ಬಣ್ಣ ಮೂಡುತ್ತದೆ ಎಂಬುದನ್ನು ಬಾಗಿಲ ಬಳಿ ನಿಂತೇ ಹೇಳಬಲ್ಲವಳಾಗಿದ್ದಳು. ಹೇಳುತ್ತಿರಲಿಲ್ಲ, ಅಷ್ಟೆ.

ಕಳೆದ ವರ್ಷ ಕಾಲೇಜಿನ ಲ್ಯಾಬನ್ನೂ ಕೋಣೆಗಳನ್ನೂ ಸಂಜೆ ಹೊತ್ತು ಸಮುದಾಯ ಕಾಲೇಜಿಗೆ ಬಿಟ್ಟುಕೊಟ್ಟರು. ಹತ್ತನೇ ತರಗತಿ ಮುಗಿಸಿ ದುಡಿಮೆಗೆ ಬಿದ್ದವರಿಗೆ ಆರು ತಿಂಗಳ ಲ್ಯಾಬ್ ಸಹಾಯಕರ ಕೋರ್ಸು. ಅಂದಿನಿಂದ ಒಂದು ಗಾಜು ಒಡೆದರೂ ಹಗಲಿನವರು ಸಂಜೆಯವರ ಮೇಲೆ, ಸಂಜೆಯವರು ಹಗಲಿನವರ ಮೇಲೆ ಹಾಕುತ್ತಿದ್ದರು. ಚೂರು ಗುಡಿಸುವವಳು ಮಾತ್ರ ಒಬ್ಬಳೇ. ಕೋರ್ಸು ಪಾಸಾದ ಅಟೆಂಡರುಗಳಿಗೆ ಬಡ್ತಿ ಉಂಟೆಂದು ಸುತ್ತೋಲೆ ಬಂದಾಗ ಸಪ್ಪಲಮ್ಮ ಮೂರು ದಿನ ಅರ್ಜಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿ, ನಾಲ್ಕನೇ ದಿನ ಕೊಟ್ಟಳು. ಬಡ್ತಿಯ ಪಟ್ಟಿ ಈ ತಿಂಗಳ ಕೊನೆಗೆ ಮುಚ್ಚುವುದಿತ್ತು. ಇವತ್ತಿನ ಪ್ರಾಕ್ಟಿಕಲ್ ಒಂದೇ ಬಾಕಿ.

ಪರೀಕ್ಷೆಗೆ ಇಪ್ಪತ್ತು ಬಾಟಲಿ. ಒಂದೊಂದರಲ್ಲಿ ಒಂದೊಂದು ಹದದ ಆಸಿಡ್. ಫ್ಲಾಸ್ಕಿನ ಆಸಿಡ್ ಗುಲಾಬಿಯಾಗಲು ಬ್ಯುರೆಟ್ಟಿನಿಂದ ಎಷ್ಟು ಎಂ.ಎಲ್. ಕ್ಷಾರ ಇಳಿಯಿತೆಂದು ಅಳೆದು, ಪರೀಕ್ಷೆ ಬರೆಯುವವರು ಆ ಹದವನ್ನು ಕಂಡುಹಿಡಿಯಬೇಕು. ಬಾಟಲಿ ತುಂಬಿ, ಉತ್ತರದ ಚೀಟಿ ಬರೆದು ಮೇಷ್ಟ್ರ ಕೈಗೆ ಕೊಡುವುದು ಮೊದಲಿನಿಂದಲೂ ಸಪ್ಪಲಮ್ಮನ ಕೆಲಸ. ಬೆಳಿಗ್ಗೆಯೇ ಅವಳು ಕೋರ್ಸು ನಡೆಸುವ ಸಿದ್ಧಾರ್ಥ ಮೇಷ್ಟ್ರ ಮುಂದೆ ಹೋಗಿ ನಿಂತಿದ್ದಳು.

"ಸಾರ್, ಇವತ್ತು ನಾನೂ ಬರೆಯೋಳು. ಬಾಟ್ಲಿ ಬೇರೆ ಯಾರಾದ್ರೂ ಮಾಡ್ಲಿ."

"ಬೇರೆ ಯಾರಿಗ್ ಬರುತ್ತೆ? ನಂಗೇ ಆಸಿಡ್ ಎಲ್ಲಿದೆ ಗೊತ್ತಿಲ್ಲ. ಅಡುಗೆ ಮಾಡ್ದೋರೂ ಊಟ ಮಾಡ್ತಾರೆ, ಬಿಡಿ ಸಪ್ಪಲಮ್ಮ."

"ಊಟಕ್ಕಲ್ಲ ಸಾರ್, ಪರೀಕ್ಷೆಗೆ."

"ಯಾರಿಗ್ ಯಾವ್ ಬಾಟ್ಲಿ ಅಂತ ಲಾಟ್ ಎತ್ತಿಸ್ತೀನಿ. ಇಪ್ಪತ್ತೂ ನೆನಪಿರುತ್ತಾ ನಿಮ್ಗೆ?"

ಇಪ್ಪತ್ತೂ ನೆನಪಿರುತ್ತಿತ್ತು; ಅದನ್ನು ನುಂಗಿಕೊಂಡು ಬಾಟಲಿ ತೊಳೆಯಲು ಹೋದಳು.

ಹಗಲಿನವರು ಅಂದು ಎದ್ದಾಗ ನಾಲ್ಕು ಮೂವತ್ತೈದು. ಉಳಿದ ಇಪ್ಪತ್ತೈದು ನಿಮಿಷದಲ್ಲಿ ಅವಳು ಮೇಜು ಒರೆಸಿ, ಬಾಟಲಿ ತುಂಬಿ, ನಂಬರು ಅಂಟಿಸಿದಳು. ಗ್ಯಾಸಿನ ವಾಲ್ವು ಮುಚ್ಚಿದೆಯೇ ಎಂದು ಮೂರು ಸಲ ನೋಡಿದಳು. ಖಾಕಿ ಕೋಟು ಕಳಚಿ ಮೊಳೆಗೆ ಹಾಕಿದಳು. ಹಾಕಿದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ಲಾಟಿನಲ್ಲಿ ಅವಳಿಗೆ ಬಂದದ್ದು ಏಳು. ಏಳೆಂದರೆ ಹದಿನಾಲ್ಕು ಪಾಯಿಂಟ್ ಆರು ಎಂ.ಎಲ್. ಮರೆಯೋಣವೆಂದರೆ ಆ ಅಂಕಿ ಕಣ್ಣ ಮುಂದೆಯೇ ಕುಣಿಯಿತು. ಕಂಡದ್ದನ್ನು ಮಾತ್ರ ಬರೆಯುವುದು ಎಂದು ತನಗೆ ತಾನೇ ಹೇಳಿಕೊಂಡಳು.

ಪಕ್ಕದ ಮೇಜಿನ ಚನ್ನವೀರನಿಗೆ ಹನ್ನೆರಡು. ಕೊಪ್ಪಳದ ಕಡೆಯವನು, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ಬೈಕಿನಲ್ಲಿ ಸ್ಯಾಂಪಲ್ ಹೊರುತ್ತಿದ್ದ. ಸರ್ಟಿಫಿಕೇಟು ಸಿಕ್ಕರೆ ಬೈಕು ಬಿಟ್ಟು ಒಳಗಿನ ಕೆಲಸ. "ನಿಮ್ಗೇನ್ರೀ ಅಕ್ಕಾರ," ಎಂದ ಮೆಲ್ಲಗೆ, "ನಿಮ್ ಕೈಯಾಗ ಹುಟ್ಟಿದ ನೀರು ಇದು. ನಿಮ್ ಮಾತು ಕೇಳ್ತದ."

ಕೇಳಲಿಲ್ಲ. ಹನ್ನೊಂದು ಪಾಯಿಂಟ್ ಎರಡಕ್ಕೇ ಫ್ಲಾಸ್ಕು ಗುಲಾಬಿಯಾಯಿತು. ಮತ್ತೆ ಮಾಡಿದಳು, ಮತ್ತೆ ಅಷ್ಟೇ. ಮೂರನೇ ಸಲವೂ ಅಷ್ಟೇ. ಹನ್ನೊಂದು ಪಾಯಿಂಟ್ ಎರಡು ಹನ್ನೆರಡನೇ ಬಾಟಲಿಯ ಲೆಕ್ಕವಲ್ಲವೇ? ಕತ್ತು ತಿರುಗಿಸಿ ಚನ್ನವೀರನ ಬ್ಯುರೆಟ್ ನೋಡಿದಳು. ನೀರು ಹದಿನಾಲ್ಕೂವರೆಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತ್ತು: ಹದಿನಾಲ್ಕು ಪಾಯಿಂಟ್ ಆರು.

ಅವಸರದಲ್ಲಿ ಎರಡು ನಂಬರು ಅದಲು ಬದಲಾಗಿದ್ದವು. ಅಂಟಿಸಿದ್ದು ಅವಳದೇ ಕೈ.

ಎದ್ದು ಹೋಗಿ ತೊಟ್ಟಿಕ್ಕದ ನಲ್ಲಿಯನ್ನು ಬಿಗಿ ಮಾಡಿ ಬಂದಳು. ಕೂತಳು, ಮತ್ತೆ ಎದ್ದಳು. ಹದಿನಾಲ್ಕು ಪಾಯಿಂಟ್ ಆರು ಎಂದು ಬರೆದರೆ ಅವಳು ಪಾಸು, ಯಾರಿಗೂ ಗೊತ್ತಾಗುವುದಿಲ್ಲ. ಕಂಡದ್ದನ್ನೇ ಬರೆದು ಸುಮ್ಮನಿದ್ದರೆ ಅವಳೂ ಫೇಲು. ಹೇಗಾದರೂ ಚನ್ನವೀರ ಮುಳುಗುತ್ತಾನೆ; ಚೀಟಿ ಅವಳು ಬರೆದದ್ದು, ಚೀಟಿಯ ಪ್ರಕಾರ ಅವನದು ತಪ್ಪು. ಅವನೋ, ಮೂರು ಸಲವೂ ಒಂದೇ ಅಂಕಿ ಬಂತೆಂದು ಹಿಗ್ಗಿನಿಂದ ಬರೆಯುತ್ತಿದ್ದ.

ಅವಳು ನೇರ ಮೇಷ್ಟ್ರ ಮೇಜಿಗೆ ನಡೆದಳು.

"ಸಾರ್, ಏಳು ಮತ್ತೆ ಹನ್ನೆರಡು ಅದಲು ಬದಲಾಗಿದೆ. ನಾನೇ ತಪ್ಪಾಗಿ ಅಂಟಿಸ್ಬಿಟ್ಟಿದೀನಿ."

"ನಿಮ್ಗೆ ಹೇಗ್ ಗೊತ್ತಾಯ್ತು?"

"ಏಳರ ಉತ್ತರ ನಂಗೆ ಮೊದ್ಲೇ ಗೊತ್ತಿತ್ತಲ್ಲ ಸಾರ್."

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಸಖತ್ ಕಣೋ ಮಗಾ, ಆಂಟಿ ಕ್ವೆಶ್ಚನ್ ಪೇಪರ್ ಕೈಲಿಟ್ಕೊಂಡೇ ಕೂತಿದ್ರು." ಒಂದಿಬ್ಬರು ನಕ್ಕರು. ಚನ್ನವೀರ ನಗಲಿಲ್ಲ.

ಮೇಷ್ಟ್ರು ಎರಡೂ ಬಾಟಲಿಯನ್ನು ತಾವೇ ಪರೀಕ್ಷಿಸಿ, ಚೀಟಿ ತಿದ್ದಿದರು. "ಚನ್ನವೀರ, ನಿಂದು ಸರಿ ಇದೆ, ಬರಿ." ಆಮೇಲೆ ಅವಳತ್ತ ತಿರುಗಿದರು. "ನಿಮ್ದನ್ನ ಹೀಗೇ ತಗೊಳಕ್ಕಾಗಲ್ಲ."

"ಗೊತ್ತು ಸಾರ್."

"ಬೆಳಿಗ್ಗೆ ನೀವ್ ಹೇಳ್ದಾಗ ಕೇಳ್ಬೇಕಿತ್ತು ನಾನು." ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡು ಸ್ಟೋರ್‌ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಳಗೆ ಕಪಾಟುಗಳು ತೆರೆದು ಮುಚ್ಚುವ ಸದ್ದು. ಗಾಜು ಗಾಜಿಗೆ ತಾಗಿತು. ಸಪ್ಪಲಮ್ಮ ಬಾಗಿಲ ಹೊರಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಳು. ಕೊನೆಗೆ ತಡೆಯಲಾಗಲಿಲ್ಲ.

"ಎಡಗಡೆ, ಎರಡನೇ ಕಪಾಟು ಸಾರ್."

ಒಂದು ಕಪಾಟು ತೆರೆದ ಸದ್ದು. "ಸಿಕ್ತು."

"ಮೊದ್ಲು ನೀರು ಸಾರ್, ಆಮೇಲೆ ಆಸಿಡ್."

"ಗೊತ್ತು ಕಣ್ರೀ."

ಮೇಷ್ಟ್ರು ತಾವೇ ತುಂಬಿದ ನಂಬರಿಲ್ಲದ ಬಾಟಲಿ ಅವಳ ಕೈಗೆ ಬಂದಾಗ ಪರೀಕ್ಷೆಗೆ ಉಳಿದದ್ದು ಇಪ್ಪತ್ತೇ ನಿಮಿಷ. ಬ್ಯುರೆಟ್ ತುಂಬಿದಳು, ನಲ್ಲಿ ತಿರುಗಿಸಿದಳು. ಹನ್ನೊಂದು ದಾಟಿತು, ಹದಿನಾಲ್ಕು ದಾಟಿತು. ಬಾಗಿಲಲ್ಲಿ ನಿಂತು ಇಡೀ ಲ್ಯಾಬಿನ ಹನಿ ಎಣಿಸುತ್ತಿದ್ದವಳಿಗೆ ತನ್ನ ಫ್ಲಾಸ್ಕಿಗೆ ಇನ್ನೆಷ್ಟು ಹನಿ ಬೇಕೆಂದು ತಿಳಿಯಲಿಲ್ಲ. ಹದಿನಾರು. ಚನ್ನವೀರ ಪೇಪರು ಕೊಟ್ಟಾದಮೇಲೂ ಹೊರಗೆ ಹೋಗದೆ ನಿಂತಿದ್ದ. ಫ್ಲಾಸ್ಕು ಇನ್ನೂ ನೀರಿನಂತೆಯೇ ಇತ್ತು. ಅವಳು ನಲ್ಲಿಯನ್ನು ಇನ್ನಷ್ಟು ಸಣ್ಣ ಮಾಡಿ, ಮುಂದಿನ ಹನಿಗೆ ಕಾದಳು.