ನಕ್ಷೆಯಲ್ಲಿ ರಸ್ತೆಯಾಗಿದ್ದ ನೀರು

ಕೋವಿಡ್ ಮುಗಿದ ಮರುವರ್ಷದ ಜನವರಿಯಲ್ಲಿ ನಾನು ಸ್ವೀಡನ್ನಿನ ಸೊಲ್ಲೆಂಟುನಾ ಪಟ್ಟಣದ ಐಟಿ ಕೆಲಸ ಬಿಟ್ಟು, ಬಾಲ್ಟಿಕ್ ಸಮುದ್ರದ ನಡುವಿನ ಒಂದು ದ್ವೀಪ ಪ್ರಾಂತ್ಯದ ಪ್ರಾದೇಶಿಕ ಅಭಿವೃದ್ಧಿ ಕಚೇರಿಗೆ ಜಿಐಎಸ್ ವಿಶ್ಲೇಷಕಿಯಾಗಿ ಸೇರಿದೆ. ಜಿಐಎಸ್ ಎಂದರೆ, ಸರಳವಾಗಿ ಹೇಳುವುದಾದರೆ, ಅಂಕಿಅಂಶಗಳನ್ನು ನಕ್ಷೆಯ ಮೇಲೆ ಕೂರಿಸುವ ವಿದ್ಯೆ. ಆರು ತಿಂಗಳ ಪ್ರೊಬೇಷನ್. ನನ್ನ ವರ್ಕ್ ಪರ್ಮಿಟ್ ನವೀಕರಣಕ್ಕೆ ಹೋಗಿತ್ತು. ಅದನ್ನೇ ನೆಚ್ಚಿಕೊಂಡು ಗಂಡ ಪ್ರಸಾದ್ ಮತ್ತು ನಾಲ್ಕು ವರ್ಷದ ಮಗಳು ಈ ದೇಶದಲ್ಲಿದ್ದರು. ಇದನ್ನು ಮೊದಲೇ ಹೇಳುತ್ತಿರುವುದು ಅನುಕಂಪಕ್ಕಲ್ಲ. ಮುಂದೆ ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಕಾರಣ ಅದೇ.

ಕಚೇರಿ ಆಗ ಹತ್ತು ವರ್ಷಗಳ ಅಭಿವೃದ್ಧಿ ಯೋಜನೆ ತಯಾರಿಸುತ್ತಿತ್ತು. ಮನೆಗಳು ಎಲ್ಲಿ ಏಳಬೇಕು, ಬಸ್ಸು ಎಲ್ಲಿಯವರೆಗೆ ಓಡಬೇಕು, ಯಾವ ಶಾಲೆ ಉಳಿಯಬೇಕು, ಎಲ್ಲವೂ ಅದರಲ್ಲಿ ಬರುತ್ತಿತ್ತು. ನನ್ನ ಪಾಲಿಗೆ ಬಂದದ್ದು ಆಂಬ್ಯುಲೆನ್ಸ್ ನಕ್ಷೆ. ಮೂವತ್ತು ನಿಮಿಷದೊಳಗೆ ಆಂಬ್ಯುಲೆನ್ಸ್ ತಲುಪುವ ಜಾಗಕ್ಕೆ ಹಸಿರು ಬಣ್ಣ, ತಲುಪದ ಜಾಗಕ್ಕೆ ಕೆಂಪು. ಕೆಂಪು ಇದ್ದಲ್ಲಿ ಒಬ್ಬ ನರ್ಸ್ ಇರುವ ಪುಟ್ಟ ಆರೋಗ್ಯ ಕೊಠಡಿಯನ್ನು ಉಳಿಸಿಕೊಳ್ಳಬೇಕು. ಹಸಿರಾದರೆ ಮುಚ್ಚಬಹುದು.

ದ್ವೀಪದ ಉತ್ತರ ತುದಿಯಲ್ಲಿ, ಕಿರಿದಾದ ಜಲಸಂಧಿಯ ಆಚೆ, ಒಂದು ಕಿರುದ್ವೀಪವಿದೆ. ಸರಕಾರದ ಹಳದಿ ಫೆರ್ರಿ ಕಾರುಗಳನ್ನು ಹೊತ್ತು ಅಲ್ಲಿಗೆ ಓಡಾಡುತ್ತದೆ. ಸ್ವೀಡನ್ನಿನಲ್ಲಿ ಈ ಹಳದಿ ಫೆರ್ರಿ ರಸ್ತೆಯ ಭಾಗವೆಂದೇ ಲೆಕ್ಕ. ರಸ್ತೆಗಳ ಡೇಟಾಬೇಸಿನಲ್ಲಿ ಅದೂ ಒಂದು ಗೆರೆ. ನನ್ನ ಕಂಪ್ಯೂಟರ್ ಮಾಡೆಲ್ ಆ ಗೆರೆಯನ್ನು ಎಂಟು ನಿಮಿಷದಲ್ಲಿ ದಾಟಿ, ಆಚೆಯ ಕೊನೆಯ ಮನೆಯನ್ನು ಇಪ್ಪತ್ತೊಂಬತ್ತನೇ ನಿಮಿಷಕ್ಕೆ ತಲುಪಿತು. ಕಿರುದ್ವೀಪ ಹಸಿರಾಯಿತು. ಅಲ್ಲಿದ್ದ ಆರೋಗ್ಯ ಕೊಠಡಿ ಮುಚ್ಚಬಹುದಾದವುಗಳ ಪಟ್ಟಿಗೆ ಸೇರಿತು.

ಮಾರ್ಚ್‌ನಲ್ಲಿ ಅಲ್ಲಿನ ಸಮುದಾಯ ಭವನದಲ್ಲಿ ಸಮಾಲೋಚನಾ ಸಭೆ ನಡೆಯಿತು. ನನ್ನ ಮೇಲಧಿಕಾರಿ ಮಾಟ್ಸ್ ವೇಳಾಪಟ್ಟಿ ನೋಡಿಕೊಂಡೇ ಕಾರು ಹೊರಡಿಸಿದ್ದರಿಂದ ಫೆರ್ರಿಗಾಗಿ ನಾವು ಒಂದು ನಿಮಿಷವೂ ಕಾಯಲಿಲ್ಲ. ಫಿಕಾ ಹೊತ್ತಿಗೆ, ಅಂದರೆ ಇಲ್ಲಿ ಯಾವ ಸಭೆಯಲ್ಲೂ ತಪ್ಪದ ಕಾಫಿ ವಿರಾಮದಲ್ಲಿ, ಲೆನ್ನಾರ್ಟ್ ಎಂಬ ಎಪ್ಪತ್ತು ದಾಟಿದ ಕುರಿಸಾಕಣೆಗಾರ ನನ್ನ ತಟ್ಟೆಗೆ ಎರಡನೇ ಬನ್ ಹಾಕಿ, ನಿಮ್ಮೂರ ಸಮುದ್ರ ಹೆಪ್ಪುಗಟ್ಟುತ್ತದೆಯೇ ಎಂದು ವಿಚಾರಿಸಿದ. ಇಲ್ಲ ಎಂದಾಗ ಒಳ್ಳೆಯ ಸಮುದ್ರ ಎಂದ. ಅವನಿಗೆ ಒಮ್ಮೆ ಹೃದಯಾಘಾತವಾಗಿತ್ತು. ಹೆಂಡತಿ ಗುನ್ನೆಲ್ ನಿವೃತ್ತ ಶಿಕ್ಷಕಿ. ಆಕೆ ನನ್ನ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಇದರಲ್ಲಿ ಚಳಿಗಾಲ ಎಲ್ಲಿದೆ?"

ಇಲ್ಲಿನ ಅಧಿಕಾರಿಗಳು ಉತ್ತರ ಗೊತ್ತಿಲ್ಲದಾಗ ಹೇಳುವ ಒಂದು ಮಾತಿದೆ: ಈ ಅಂಶವನ್ನು ನಾವು ಜೊತೆಗೆ ಒಯ್ಯುತ್ತೇವೆ. ಹೊಸದಾಗಿ ಕಲಿತಿದ್ದ ನಾನು ಅದನ್ನು ಅಚ್ಚ ಸ್ವೀಡಿಷ್‌ನಲ್ಲಿ ಹೇಳಿದೆ. ಉಚ್ಚಾರಣೆ ಸರಿಯಾಗಿ ಬಂತೆಂದು ವಾಪಸಾಗುವಾಗ ಖುಷಿಯಾಗಿತ್ತು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ಯೋಜನೆ ರೆಮಿಸ್‌ಗೆ ಹೋಯಿತು. ಸಂಬಂಧಪಟ್ಟವರೆಲ್ಲ ನಿಗದಿತ ದಿನದೊಳಗೆ ಲಿಖಿತ ಅಭಿಪ್ರಾಯ ಕಳಿಸುವ ಪದ್ಧತಿ ಇದು. ಬರೆಯದವರಿಗೆ ಆಕ್ಷೇಪಣೆಯಿಲ್ಲ ಎಂದು ನಮ್ಮ ಕಚೇರಿ ತಿಳಿಯುತ್ತಿತ್ತು. ಎದುರಿಗೇ ಹೇಳಿದ್ದೇವಲ್ಲ ಎಂದುಕೊಂಡು ಕಿರುದ್ವೀಪದ ಯಾರೂ ಬರೆಯಲಿಲ್ಲ.

ಮೇ ಕೊನೆಯ ಭಾನುವಾರ ನಾವು ಮೂವರೂ ಕಿರುದ್ವೀಪ ನೋಡಲು ಹೊರಟೆವು. ಫೆರ್ರಿ ಆಗಷ್ಟೇ ಬಿಟ್ಟುಹೋಗಿತ್ತು. ಕಾರುಗಳ ಸಾಲಿನಲ್ಲಿ ಮೂವತ್ತೈದು ನಿಮಿಷ ಕಾದೆವು. ಅದು ಯಾವಾಗ ಬರುತ್ತೆ ಎಂದು ಮಗಳು ಸ್ವೀಡಿಷ್‌ನಲ್ಲಿ ಹತ್ತು ಸಲ ಕೇಳಿದಳು. ಹತ್ತನೆಯ ಸಲಕ್ಕೆ ನನಗೆ ತಪ್ಪು ಹೊಳೆಯಿತು. ನನ್ನ ಮಾಡೆಲ್‌ನಲ್ಲಿ ಕಾಯುವ ಹೊತ್ತು ಸೊನ್ನೆ. ದಡಕ್ಕೆ ಬಂದ ವಾಹನ ನೀರಿನ ಮೇಲೂ ಹಾಗೇ ಓಡಿಬಿಟ್ಟಿತ್ತು. ಕುಂದಾಪುರದ ಕಡೆಯವಳು ನಾನು. ದೋಣಿ ತುಂಬದೆ ಹೊರಡದ ಕಡವಿನಲ್ಲಿ ನಿಂತು ನಿಂತು ಶಾಲೆಗೆ ಹೋದವಳು. ಈ ತಪ್ಪನ್ನು ಬೇರೆ ಯಾರು ಮಾಡಿದ್ದರೂ ಕ್ಷಮಿಸಬಹುದಿತ್ತು.

ಮರುದಿನವೇ ಮಾಟ್ಸ್‌ಗೆ ಹೇಳಿದೆ. ಮನುಷ್ಯ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ. ಆಂಬ್ಯುಲೆನ್ಸ್ ಮೊದಲೇ ಫೋನ್ ಮಾಡಿದರೆ ಫೆರ್ರಿ ಬಂದು ನಿಂತಿರುತ್ತದೆ ಎಂದ. ರೆಮಿಸ್ ಮುಗಿದಿದೆ, ಈಗ ಬಣ್ಣ ಬದಲಿಸಿದರೆ ಇಡೀ ಯೋಜನೆ ಮತ್ತೆ ಆರು ತಿಂಗಳು ಹಿಂದಕ್ಕೆ ಹೋಗುತ್ತದೆ ಎಂದ. ಕೊನೆಗೆ, "ಅನುಬಂಧದಲ್ಲಿ ಒಂದು ಸಾಲು ಸೇರಿಸು, ಮುಂದಿನ ಪರಿಷ್ಕರಣೆಯಲ್ಲಿ ಸರಿಮಾಡೋಣ" ಎಂದ. ಕಾಯುವ ಸಮಯವನ್ನು ಪರಿಗಣಿಸಿಲ್ಲ ಎಂದು ಬರೆದೆ. ಅನುಬಂಧವನ್ನು ಯಾರೂ ಓದುವುದಿಲ್ಲವೆಂದು ನನಗೆ ಗೊತ್ತಿತ್ತು.

ಮನೆಯಲ್ಲಿ ಪ್ರಸಾದ್, "ಡಿಸಿಷನ್ ತಗೊಳೋದು ಪೊಲಿಟೀಶಿಯನ್ಸ್, ನೀನಲ್ಲ. ಫಸ್ಟ್ ಪರ್ಮಿಟ್ ಬರ್ಲಿ, ಆಮೇಲೆ ಮಾತಾಡು" ಎಂದ. ನನಗೂ ಯಾರಾದರೂ ಹಾಗೆ ಹೇಳಬೇಕಿತ್ತು.

ಜೂನ್‌ನಲ್ಲಿ ಯೋಜನೆ ಮಂಜೂರಾಯಿತು. ಜುಲೈನಲ್ಲಿ ನೌಕರಿ ಖಾಯಂ ಆಯಿತು. ಆಗಸ್ಟ್‌ನಲ್ಲಿ ಪರ್ಮಿಟ್ ಬಂತು, ಮನೆಯಲ್ಲಿ ಪಾಯಸ ಮಾಡಿದೆ. ಸೆಪ್ಟೆಂಬರ್‌ನಲ್ಲಿ ಕಿರುದ್ವೀಪದ ಕೊಠಡಿಗೆ ಬೀಗ ಬಿತ್ತು. ಆಗ ನನ್ನನ್ನು ಹೆದರಿಸುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಮಾತಾಡಲಿಲ್ಲ. ಸುಮ್ಮನಿರುವುದು ಅಷ್ಟರಲ್ಲಿ ರೂಢಿಯಾಗಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಲೆನ್ನಾರ್ಟ್ ಅಡುಗೆಮನೆಯಲ್ಲಿ ಕುಸಿದು ಬಿದ್ದ. ಆಂಬ್ಯುಲೆನ್ಸ್ ಹದಿನೆಂಟನೇ ನಿಮಿಷಕ್ಕೇ ಈಚೆ ದಡದಲ್ಲಿತ್ತು. ಫೋನ್ ಕೂಡ ಮೊದಲೇ ಹೋಗಿತ್ತು. ಫೆರ್ರಿ ಆಚೆ ದಡದಲ್ಲಿ, ಗಾಳಿ ತಂದು ಒಟ್ಟಿದ ಮಂಜುಗಡ್ಡೆಯ ನಡುವೆ ಸಿಕ್ಕಿಕೊಂಡಿತ್ತು. ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಏಳಲಿಲ್ಲ. ಮುಚ್ಚಿದ ಕೊಠಡಿಯಲ್ಲಿದ್ದ, ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಹಿಂದಿನ ಶರತ್ಕಾಲದಲ್ಲೇ ಮುಖ್ಯ ದ್ವೀಪಕ್ಕೆ ಸಾಗಿಸಲಾಗಿತ್ತು. ಗುನ್ನೆಲ್ ಒಬ್ಬಳೇ ಮೊಣಕಾಲೂರಿ ಗಂಡನ ಎದೆ ಒತ್ತುತ್ತಲೇ ಇದ್ದಳು. ಕೊನೆಗೂ ನೀರು ದಾಟಿ ಆಂಬ್ಯುಲೆನ್ಸ್ ಸಿಬ್ಬಂದಿ ಒಳಗೆ ಬಂದಾಗ ಅವನು ಹೋಗಿದ್ದ. ಆಗಲೂ ಆಕೆ ಕೈ ತೆಗೆದಿರಲಿಲ್ಲವಂತೆ.

ಈ ವಿವರ ನನಗೆ ಸಿಕ್ಕಿದ್ದು ಘಟನಾ ವರದಿಯಿಂದ. ಮಾಡೆಲ್ ಪರಿಷ್ಕರಣೆಗೆ ಅನುಕೂಲವಾಗಲಿ ಎಂದು ಅದನ್ನು ನನಗೇ ಕಳಿಸಿದ್ದರು. ಒಂದು ಅಂಕಣದಲ್ಲಿ, ದಡದಲ್ಲಿ ಕಾದ ಸಮಯ: ನಲವತ್ತೊಂದು ನಿಮಿಷ. ಶೌಚಾಲಯಕ್ಕೆ ಹೋಗಿ ಅತ್ತೆ. ಅಳುವ ಹಕ್ಕು ನನಗಿಲ್ಲವೆಂದು ತೋರಿ ಮುಖ ತೊಳೆದುಕೊಂಡೆ.

ಅದೇ ವಾರ ನಡೆದದ್ದನ್ನೆಲ್ಲ ಬರೆದು, ನನ್ನ ಹೆಸರು ಹಾಕಿ, ಆರೋಗ್ಯ ಸೇವೆಗಳ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ಕಳಿಸಿದೆ. ನಕ್ಷೆ ಕೆಂಪಾಯಿತು. ಕೊಠಡಿ ತೆರೆಯಲು ಆದೇಶವೂ ಆಯಿತು. ಅಷ್ಟರಲ್ಲಿ ಅಲ್ಲಿದ್ದ ನರ್ಸ್ ದೂರದ ಉತ್ತರದ ಲುಲೆಯೊ ನಗರದಲ್ಲಿ ಕೆಲಸ ಹಿಡಿದಿದ್ದರು. ಮೂರು ಸಲ ಜಾಹೀರಾತು ಕೊಟ್ಟರೂ ಒಂದು ಅರ್ಜಿಯೂ ಬರಲಿಲ್ಲ. ನಾನು ಇದನ್ನು ಬರೆಯುವ ಹೊತ್ತಿಗೂ ಆ ಬಾಗಿಲು ಮುಚ್ಚಿಯೇ ಇದೆ.

ಏಪ್ರಿಲ್‌ನಲ್ಲಿ ಗುನ್ನೆಲ್ ಮನೆಗೆ ಹೋದೆ. ಕಚೇರಿ ಬೇಡವೆಂದಿತ್ತು. ಆಕೆ ಕಾಫಿ ಕೊಟ್ಟು ಎದುರು ಕುಳಿತಳು. ತಪ್ಪು ನನ್ನದು, ಯೋಜನೆ ಮಂಜೂರಾಗುವ ಮೊದಲೇ ಗೊತ್ತಿತ್ತು ಎಂದು ತಲೆ ತಗ್ಗಿಸಿಕೊಂಡೇ ಹೇಳಿದೆ. ಯಾವ ತಿಂಗಳು ಎಂದು ಕೇಳಿದಳು. ಮೇ ಎಂದೆ. ಆಕೆ ಕಿಟಕಿಯಾಚೆ ಕುರಿಗಳ ಕಡೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಮೇ ತಿಂಗಳಲ್ಲಿ ಬಂದಿದ್ದರೆ ಲೆನ್ನಾರ್ಟ್‌ಗೆ ಹೇಳಬಹುದಿತ್ತು," ಎಂದಳು. "ನಾವು ಮನೆ ಮಾರಿ ಮುಖ್ಯ ದ್ವೀಪಕ್ಕೆ ಹೋಗ್ತಿದ್ದೆವು. ಕೊಠಡಿ ಮುಚ್ಚಿದಾಗ ಅವನು ಕೇಳಿದ್ದ, ಹೋಗೋಣವಾ ಅಂತ. ನಕ್ಷೆ ಹಸಿರಾಗಿದೆಯಲ್ಲ, ಇರೋಣ ಅಂದವಳು ನಾನು."

ಅಧಿಕಾರಿಗಳು ಮಾತ್ರ ನಕ್ಷೆ ಓದುತ್ತಾರೆಂದು ಆವರೆಗೆ ತಿಳಿದಿದ್ದೆ. ನಾವು ಬಣ್ಣ ಬಳಿದ ಜಾಗದಲ್ಲಿ ಬದುಕುವವರು ಅದನ್ನು ನಂಬುತ್ತಾರೆ, ನಂಬಿ ಅಲ್ಲೇ ಉಳಿಯುತ್ತಾರೆ. ತಪ್ಪು ಗೊತ್ತಾದ ದಿನವೇ ಅವರ ಮನೆಗೆ ಹೋಗಿ ಹೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕಲಿಸಿದ್ದಕ್ಕೆ ಬೆಲೆ ತೆತ್ತವಳು ಗುನ್ನೆಲ್.