ಕಣಜದ ಮೇಷ್ಟ್ರ ಆತಿಥೇಯ

ಸೂಜಿಮೊನೆಗಿಂತ ಕಿರಿದಾದ ಜೀವದಲ್ಲಿಯೂ ಸೃಷ್ಟಿಕರ್ತನ ಕೌಶಲವನ್ನು ಕಾಣಬಲ್ಲ ಕಣ್ಣುಳ್ಳವರು. ಕೂದಲೆಳೆಯಷ್ಟು ತೆಳುವಾದ ಕಾಲನ್ನು ಮುರಿಯದೆ ಬಿಡಿಸಬಲ್ಲ ಬೆರಳುಳ್ಳವರು. ಹಸಿದರೂ ಸೂಕ್ಷ್ಮದರ್ಶಕದಿಂದ ತಲೆಯೆತ್ತದವರು, ತಲೆಯೆತ್ತಿದರೂ ಪರನಿಂದೆಗೆ ಬಾಯಿ ತೆರೆಯದವರು. ಇನ್ನೊಬ್ಬರು ಹಿಡಿದ ಹುಳದ ಒಂದು ರೆಕ್ಕೆಯನ್ನೂ ತಮ್ಮದೆಂದು ಹೇಳಿಕೊಳ್ಳದವರು. ಹುಳದ ಮೀಸೆಯಲ್ಲಿ ಎಷ್ಟು ಗೆಣ್ಣುಗಳೆಂದು ಕೇಳಿದರೆ, ನೂರು ಬಾರಿ ನೋಡಿದ ಜಾತಿಯನ್ನೂ ಮತ್ತೊಮ್ಮೆ ಎಣಿಸಿಯೇ ಉತ್ತರಿಸುವವರು. ದೈವಭೀರುಗಳು, ಮಿತಭಾಷಿಗಳು, ಸತ್ಯಸಂಧರು, ಅಕ್ಕನ ಮಾತಿಗೆ ಎದುರಾಡದ ತಮ್ಮ. ಇಷ್ಟು ಗುಣಗಳನ್ನು ಹೊತ್ತ ಆ ಒಬ್ಬರನ್ನು ಕೃಷಿ ಕಾಲೇಜಿನವರೆಲ್ಲ ಕಣಜದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಈ ಗುಣಗಳಲ್ಲಿ ಒಂದನ್ನಾದರೂ ಅಲ್ಲಗಳೆಯುವವರು ಇಂದಿಗೂ ಇಲ್ಲ. ಕಥೆಯ ಕಹಿ ಇರುವುದೂ ಅಲ್ಲಿಯೇ.

ನಮ್ಮ ನುಡಿಯಲ್ಲಿ ಕಣಜವೆಂದರೆ ಕುಟುಕುವ ಹುಳವೂ ಹೌದು, ಕಾಳು ತುಂಬಿಡುವ ಮನೆಯೂ ಹೌದು. ಬೀದಿಯ ತುದಿಯ ದಿನಸಿ ಅಂಗಡಿಯವನು ಈ ಸಂದನ್ನು ಬಿಟ್ಟವನಲ್ಲ. ಸ್ವಂತ ಕಣಜವಿದ್ದೂ ಸೇರುಗಟ್ಟಲೆ ಕಾಳು ಕೊಳ್ಳುವ ಗಿರಾಕಿ ನೀವೊಬ್ಬರೇ ಎಂದು ಪ್ರತಿ ಸಲವೂ ಹೇಳುತ್ತಿದ್ದ. ಮೇಷ್ಟ್ರು ಪ್ರತಿ ಸಲವೂ ಮೊದಲ ಸಲ ಕೇಳಿದವರಂತೆ ನಗುತ್ತಿದ್ದರು. ಅವರ ಕಣಜಗಳು ಅನ್ನದ ಗೋಜಿಗೆ ಹೋಗುವಂಥವಲ್ಲ. ಪರಾವಲಂಬಿ ಕಣಜಗಳವು, ಇರುವೆಗಿಂತ ಚಿಕ್ಕವು. ತಾಯಿಕಣಜವು ಬೇರೊಂದು ಹುಳದ ಮರಿಯನ್ನು ಹುಡುಕಿ, ಕುಟುಕಿ, ಅಲುಗದಂತೆ ಮಾಡಿ ಅದರ ಮೈಮೇಲೆಯೋ ಮೈಯೊಳಗೋ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿಗಳು ಆ ಜೀವವನ್ನು ಸಾಯಗೊಡದೆ ಮೆಲ್ಲಮೆಲ್ಲನೆ ತಿಂದು, ತಾವು ಬೆಳೆದು ನಿಂತ ದಿನ ಅದನ್ನು ಮುಗಿಸುತ್ತವೆ. ಹೀಗೆ ತಿನ್ನಿಸಿಕೊಳ್ಳುವ ಹುಳಕ್ಕೆ ಶಾಸ್ತ್ರದವರು ಕೊಟ್ಟಿರುವ ಹೆಸರು ಆತಿಥೇಯ.

ಈ ಪದವನ್ನು ಮೊದಲು ಕೇಳಿದ ದಿನ ಅವರ ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟು ನಕ್ಕಿದ್ದರಂತೆ. "ಮೈ ತಿನ್ನಿಸಿಕೊಂಡವರಿಗೆ ಮರ್ಯಾದೆ ಮಾತು ಬೇರೆ ಕೇಡು," ಎಂದಿದ್ದರು.

ಅಕ್ಕನ ವಿಷಯ ಹೇಳದೆ ಮೇಷ್ಟ್ರ ವಿಷಯ ಮುಂದೆ ಸಾಗದು. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಓದನ್ನು ಅಲ್ಲಿಗೇ ಬಿಟ್ಟ ಅಕ್ಕ, ಕಾಲೇಜಿನ ಕೀಟ ಸಂಗ್ರಹಾಲಯದಲ್ಲಿ ಬೀರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ತಮ್ಮ ಓದಿದ, ಅದೇ ಕಟ್ಟಡಕ್ಕೆ ಕಣಜಗಳನ್ನು ವರ್ಗೀಕರಿಸುವ ಪಂಡಿತನಾಗಿ ಬಂದ. ಇಬ್ಬರೂ ಮದುವೆಯಾಗಲಿಲ್ಲ. ಅಚ್ಚುಕೂಟದ ಮೇಲಿನ ಎರಡು ಕೋಣೆಗಳಲ್ಲಿ, ಕೆಳಗಿನ ಯಂತ್ರದ ಸದ್ದಿಗೆ ಲೋಟಗಳು ನಡುಗುತ್ತಿರಲು, ಅಕ್ಕ ಅಡುಗೆ ಮಾಡಿದರು, ತಮ್ಮ ಉಂಡ.

ಸಂಗ್ರಹಾಲಯವು ಒಂದು ಉದ್ದನೆಯ ಕೋಣೆ. ಎರಡೂ ಗೋಡೆಗೆ ಮರದ ಬೀರುಗಳು, ತುದಿಯಲ್ಲಿ, ಬಣ್ಣ ಬಳಿದು ಚೌಕಟ್ಟು ಅಂಟಿಹೋಗಿ ತೆರೆಯಲಾಗದ ಒಂದು ಗಾಜಿನ ಕಿಟಕಿ. ಒಣಗಿದ ಕೀಟಗಳಿಗೆ ಮೃತ್ಯುವೆಂದರೆ ಒಂದು ಸಣ್ಣ ಜೀರುಂಡೆ. ಅದರ ಕೂದಲುಮೈಯ ಮರಿ ಖಾನೆಯೊಳಗೆ ಹೊಕ್ಕರೆ ಸೂಜಿಯೂ ಚೀಟಿಯೂ ಉಳಿಯುತ್ತವೆ, ಹುಳ ಪುಡಿಯಾಗುತ್ತದೆ. ಅಕ್ಕ ಋತು ಬದಲಾದಾಗಲೆಲ್ಲ ಒಂದೊಂದು ಖಾನೆಯನ್ನೂ ಎಳೆದು ನೋಡಿ ಹೊಸ ಡಾಂಬರು ಗುಳಿಗೆ ಇಡುತ್ತಿದ್ದರು. ತಾವು ನೋಡಿಕೊಳ್ಳುವ ಬೀರುಗಳಲ್ಲಿ ಪುಡಿ ಕಂಡವರಿಲ್ಲವೆಂಬುದೇ ಅವರ ಒಡವೆ. ಆದರೆ ಕಣಜಗಳ ಬೀರು ಮಾತ್ರ ಅವರ ಕೈಗೆ ಸಿಗಲಿಲ್ಲ. ಆ ಗುಳಿಗೆಯ ವಾಸನೆಗೆ ತಲೆ ಸಿಡಿಯುತ್ತದೆ, ಬೇರೆಯವರ ಕೈ ತಗುಲಿದರೆ ಮೀಸೆಗಳು ಮುರಿಯುತ್ತವೆ ಎಂದು ಮೇಷ್ಟ್ರು ಅದಕ್ಕೆ ಬೀಗ ಹಾಕಿ ಕೀಲಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ದಾಖಲೆಯಲ್ಲಿ ಎಲ್ಲ ಬೀರುಗಳೂ ಅಕ್ಕನವೇ.

ಮೇಷ್ಟ್ರಿಗೆ ಹೆಸರು ತಂದದ್ದು ಒಂದು ಕಪ್ಪು ಕಣಜ. ಚಪ್ಪಟೆ ತಲೆ, ಇರುವೆಯಂಥ ನಡಿಗೆ, ಹೆಣ್ಣುಗಳೇ ಹೆಚ್ಚು. ಅವರಿಗೆ ಅದು ಸಿಕ್ಕುತ್ತಿದ್ದುದು ಸಂಗ್ರಹಾಲಯದ ಆ ಕಿಟಕಿಯ ಗಾಜಿನ ಮೇಲೆ. ಸೂಜಿಯ ಕೆಳಗೆ, ಹುಳ ಎಲ್ಲಿ ಸಿಕ್ಕಿತೆಂದು ಬರೆದ ಚೀಟಿ ಇರಬೇಕೆಂಬುದು ಈ ಶಾಸ್ತ್ರದ ನೇಮ. ಕಿಟಕಿ ಎಂದು ಬರೆಯಲು ಅವರ ಲೇಖನಿ ಒಪ್ಪಲಿಲ್ಲ. ಕಿಟಕಿಯಲ್ಲಿ ಯಾವ ಜೀವವೂ ಹುಟ್ಟುವುದಿಲ್ಲವಲ್ಲ. ಹೊರಗೆ ಕಾಲೇಜಿನ ತೋಟವಿತ್ತು. ತೋಟ ಎಂದು ಬರೆದರು. ಅದು ಅವರಿಗೆ ಸುಳ್ಳೆನಿಸಲಿಲ್ಲ, ಅಂದವಾದ ಬರವಣಿಗೆಯೆನಿಸಿತು. ಹೊಸ ಜಾತಿಯೆಂದು ಸಾರಿ ನಾಮಕರಣ ಮಾಡಿದರು. ಅದರ ಆತಿಥೇಯ ಯಾವುದೆಂಬುದು ತಿಳಿದಿಲ್ಲವೆಂದು ಕೊನೆಯಲ್ಲಿ ಸೇರಿಸಿದರು.

ಆ ಕೊನೆಯ ಮಾತು ಅವರ ಆಯುಷ್ಯವನ್ನು ನುಂಗಿತು. ತೋಟದ ಪ್ರತಿ ಎಲೆಸುರುಳಿಯನ್ನೂ ಬಿಚ್ಚಿದರು. ತೊಗಟೆಯ ಹುಳಗಳನ್ನೂ ಬೀಜದ ಹುಳಗಳನ್ನೂ ಗಾಜಿನ ನಳಿಗೆಗಳಲ್ಲಿ ಸಾಕಿದರು. ಪತಂಗಗಳು ಬಂದವು, ನೊಣಗಳು ಬಂದವು, ಬೇರೆ ಕಣಜಗಳು ಬಂದವು. ಕಪ್ಪು ಕಣಜ ಮಾತ್ರ ಬರಲಿಲ್ಲ. ಗಾಜಿನ ಒಳಮೈಯಲ್ಲಿ ಅದು ಪ್ರತಿ ಬೇಸಗೆಯಲ್ಲಿಯೂ ಹೊರಹೋಗಲು ತಡಕಾಡುತ್ತಲೇ ಇತ್ತು. ಒಳಗಿರುವುದು ಹೊರಗೆ ಹೋಗಬಯಸುತ್ತದೆಯೆಂಬ ಇಷ್ಟು ಸಣ್ಣ ಸಂಗತಿ, ತೋಟ ಎಂದು ಬರೆದ ಕೈಗೆ ಹೊಳೆಯಲಿಲ್ಲ.

ಕೂದಲು ನರೆತ ಮೇಲೊಂದು ಮಧ್ಯಾಹ್ನ, ಚಿತ್ರ ಬರೆಸಲೆಂದು ಅವರು ತಮ್ಮ ಬೀರಿನ ತಳದ ಖಾನೆಯನ್ನು ಎಳೆದರು. ಸೂಜಿಗಳು ನಿಂತಿದ್ದವು, ಚೀಟಿಗಳಿದ್ದವು. ಸಾಲಿಗೆ ಸಾಲೇ ಕಣಜಗಳಿರಲಿಲ್ಲ. ಕಂದು ಪುಡಿ. ಪುಡಿಯ ನಡುವೆ ಒಂದು ಕೂದಲುಮೈಯ ಮರಿ ಅಲುಗದೆ ಬಿದ್ದಿತ್ತು. ಅದರ ಹೊಟ್ಟೆಯ ಒಂದು ಕಡೆ ಮಾತ್ರ, ಯಾರೋ ಕ್ಷೌರ ಮಾಡಿದಂತೆ ಬೋಳು. ಬೋಳಾದ ಜಾಗದಲ್ಲಿ ಬಿಳಿಯ ಮೊಟ್ಟೆಗಳು. ಪಕ್ಕದಲ್ಲಿ, ಇನ್ನೂ ಒಂದೆರಡು ಕೂದಲು ಕೀಳುತ್ತ, ಕಪ್ಪು ಕಣಜ.

ಆತಿಥೇಯ ಸಿಕ್ಕಿತ್ತು. ಅವರೇ ಬೀಗ ಹಾಕಿ ಸಾಕಿದ್ದರು.

ಖಾನೆಯನ್ನು ಎದೆಗವಚಿಕೊಂಡು ಅಕ್ಕನ ಬಳಿಗೆ ಹೋದರು. ಅಕ್ಕ ಕನ್ನಡಕ ಏರಿಸಿ ಪುಡಿಯನ್ನು ನೋಡಿದರು, ತಮ್ಮನ ಹೊಳೆಯುವ ಮುಖವನ್ನು ನೋಡಿದರು.

"ಸಂತೋಷವೇ. ಆದ್ರೆ ಬರೆಯೋದಾದ್ರೆ ಪೂರ್ತಿ ಬರಿ, ತಮ್ಮಾ. ಯಾವ ಬೀರು, ಕೀಲಿ ಯಾರ ಹತ್ರ ಇತ್ತು, ಎಲ್ಲಾನೂ."

"ಬರೀತೀನಿ ಅಕ್ಕ. ನಿನ್ನ ಮೇಲೆ ಮಾತು ಬರೋಕೆ ಬಿಡ್ತೀನಾ?"

ಬರೆದರು. ಶಾಸ್ತ್ರದ ಪತ್ರಿಕೆಯಲ್ಲಿ, ತೋಟ ಎಂದದ್ದು ತಮ್ಮ ತಪ್ಪು, ಕಿಟಕಿಯೇ ಸರಿ ಎಂದು ಮುಕ್ತವಾಗಿ ಒಪ್ಪಿದರು. ಕಣಜವು ಮರಿಯ ಕೂದಲು ಕೀಳುವ ಬಗೆಯನ್ನು ಓದಿದವರ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಬೀರಿನ ಮಾತು ಬಂದಾಗ "ಈ ಸಂಗ್ರಹಾಲಯದ ಹಳೆಯ ಬೀರೊಂದರಲ್ಲಿ" ಎಂದು ಬರೆದು ಮುಂದೆ ಸಾಗಿದರು. ಒಂದು ವಾಕ್ಯ ಬಿಟ್ಟುಹೋಯಿತು. ಕೀಲಿಯ ಮಾತು ಎತ್ತಿದರೆ ಬೀರು ಕೈತಪ್ಪೀತು, ಕಣಜಗಳು ಬೇರೆಯವರ ಪಾಲಾದಾವು ಎಂಬ ಭಯ ಅವರ ಕೈಯನ್ನು ಹಿಡಿದಿತ್ತು.

ಪಂಡಿತವಲಯ ತಲೆದೂಗಿತು. ಸ್ವಂತ ತಪ್ಪನ್ನು ಹೀಗೆ ತಿದ್ದಿಕೊಳ್ಳುವ ಸತ್ಯಸಂಧರು ಈಗೆಲ್ಲಿ ಎಂದು ದೂರದೂರದಿಂದ ಪ್ರಶಂಸೆ ಬಂದಿತು. ಕಾಲೇಜಿನ ಮುಖ್ಯಸ್ಥರಿಗೆ ಮಾತ್ರ ಅದರಲ್ಲಿ ಬೇರೊಂದು ಕಂಡಿತು: ತಮ್ಮ ಸಂಗ್ರಹವನ್ನು ಹುಳ ತಿನ್ನುತ್ತಿದೆ, ಅದು ಲೋಕಕ್ಕೆಲ್ಲ ಗೊತ್ತಾಗಿದೆ. ಅಕ್ಕತಮ್ಮಂದಿರನ್ನು ಕರೆಸಿದರು. ಕೆಟ್ಟವರಲ್ಲ ಅವರು, ಅಕ್ಕನಿಗೆ ಕುರ್ಚಿ ಕೊಟ್ಟೇ ಕೇಳಿದರು.

"ಆ ಬೀರಿನ ಕೀಲಿಯೂ ನಿಮ್ಮ ಹತ್ತಿರಾನೇ ಇತ್ತೇನಮ್ಮ?"

ಅಕ್ಕ ತಮ್ಮನ ಕಡೆಗೆ ತಿರುಗಿದರು. ಕೀಲಿ ಆ ಹೊತ್ತಿಗೂ ಜೇಬಿನಲ್ಲಿಯೇ ಇತ್ತು. ಬಟ್ಟೆಯ ಮೇಲೆ ಅದರ ಅಚ್ಚು ಕಾಣುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಎರಡೂ ಗಾಜುಗಳು ಚೊಕ್ಕಟವಾದವು. ಮತ್ತೆ ಒರೆಸಿದರು.

"ಬೀರುಗಳೆಲ್ಲ ನನ್ನವೇ ಸಾರ್," ಎಂದರು ಅಕ್ಕ.

ವಯಸ್ಸಿನ ಕಾರಣ ಅಕ್ಕ ತಾವಾಗಿಯೇ ಕೆಲಸ ಬಿಟ್ಟರೆಂದು ಕಾಗದವಾಯಿತು. ಅಂದು ಸಂಜೆಯೂ ಅಕ್ಕ ಅಡುಗೆ ಮಾಡಿದರು. ತಟ್ಟೆಯಿಟ್ಟು ಬಡಿಸಿದರು. ಮೇಷ್ಟ್ರು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದರು. ಮುಖ್ಯಸ್ಥರ ಬಳಿ ನಾಳೆಯೇ ಹೋಗಿ ಎಲ್ಲವನ್ನೂ ಹೇಳಿಬಿಡುವೆನೆಂದು ಏನೇನೋ ತೊದಲಿದರು.

"ಉಣ್ಣು," ಎಂದರು ಅಕ್ಕ. "ಆತಿಥೇಯ ಅಂದ್ರೆ ಇಷ್ಟೇ ತಾನೇ."

ನಾಳೆ ಬಂದಿತು, ಬಹಳ ನಾಳೆಗಳು ಬಂದವು. ಕಾಲೇಜಿನವರು ಹೊಗೆಮದ್ದು ಹಾಕಿ ಬೀರುಗಳನ್ನೆಲ್ಲ ಶುದ್ಧಿ ಮಾಡಿದರು. ಜೀರುಂಡೆ ಸತ್ತಿತು, ಅದರೊಡನೆ ಕಣಜವೂ ಸತ್ತಿತು. ಆ ಗಾಜಿನ ಮೇಲೆ ಕಪ್ಪು ಚುಕ್ಕೆ ಮತ್ತೆ ಕಾಣಲಿಲ್ಲ. ಹಳೆಯ ಚೀಟಿಯನ್ನು ಕಿತ್ತೆಸೆಯಲು ಈ ಶಾಸ್ತ್ರದಲ್ಲಿ ಅಪ್ಪಣೆಯಿಲ್ಲವಾದ್ದರಿಂದ, ಉಳಿದ ಸೂಜಿಗಳಲ್ಲಿ ತೋಟದ ಕೆಳಗೆ ಕಿಟಕಿಯೆಂಬ ಇನ್ನೊಂದು ಚೀಟಿಯನ್ನು ಮೇಷ್ಟ್ರು ಪೋಣಿಸಿದರು. ಮುಖ್ಯಸ್ಥರ ಬಾಗಿಲವರೆಗೆ ಹಲವು ಬಾರಿ ಹೋದದ್ದನ್ನು ಜವಾನ ಕಂಡಿದ್ದಾನೆ. ಒಳಗೆ ಹೋದದ್ದನ್ನು ಕಂಡಿಲ್ಲ.

ಕಳೆದ ವರ್ಷ ಅವರಿಗೆ ಇನ್ನೊಂದು ಹೊಸ ಕಣಜ ಸಿಕ್ಕಿತು, ಹಸಿರು ಹೊಳಪಿನದು. ಈ ವಿದ್ಯೆಯಲ್ಲಿ ಯಾರೂ ಸ್ವಂತ ಹೆಸರನ್ನು ಹುಳಕ್ಕೆ ಇಟ್ಟುಕೊಳ್ಳುವುದಿಲ್ಲ, ಗೌರವಿಸಬೇಕಾದವರ ಹೆಸರಿಡಬಹುದು. ಅಕ್ಕನ ಹೆಸರಿಡುವೆನೆಂದರು. ಪ್ರಪಂಚ ಇರುವವರೆಗೂ ಆ ಹೆಸರು ಅಳಿಯದೆಂದು ವಿವರಿಸಿದರು. ಅಕ್ಕ ಕಾಳು ಆರಿಸುತ್ತಿದ್ದವರು ಮೊರದಿಂದ ಕಣ್ಣೆತ್ತಲಿಲ್ಲ.

"ನನ್ನ ಹೆಸರನ್ನ ಸೂಜಿಗೆ ಚುಚ್ಚಬೇಡ. ಹೆಸರು ಯಾರು ಕೇಳಿದ್ರು? ಒಂದು ವಾಕ್ಯ ಕೇಳಿದ್ದೆ."

ಹಸಿರು ಕಣಜ ಇನ್ನೂ ಹೆಸರಿಲ್ಲದೆಯೇ ಆ ಬೀರಿನಲ್ಲಿದೆ. ಬೀರಿಗೆ ಈಗ ಬೀಗವಿಲ್ಲ. ಡಾಂಬರು ಗುಳಿಗೆಯನ್ನು ಮೇಷ್ಟ್ರೇ ಇಡುತ್ತಾರೆ. ತಲೆ ಸಿಡಿದರೂ ಇಡುತ್ತಾರೆ.

ಸಣ್ಣದನ್ನು ಸಣ್ಣದೆಂದು ಬಗೆಯದೆ ಸೃಜಿಸಿದ ಭಗವಂತನು ಅಚ್ಚುಕೂಟದ ಮೇಲಿನ ಆ ಎರಡು ಕೋಣೆಗಳನ್ನು ಕಾಯಲಿ. ಅಲ್ಲಿನ ಒಲೆ ಆರದಿರಲಿ, ಕಾಳಿಗೆ ಹುಳ ಹಿಡಿಯದಿರಲಿ. ಬಡಿಸುವ ಕೈಗೆ ನೋವು ಬಾರದಿರಲಿ, ಉಣ್ಣುವ ಬಾಯಿಗೆ ರುಚಿ ಮರಳಲಿ. ಅಕ್ಕನ ಕಿವಿ ಮಂದವಾಗುವ ಮುನ್ನ, ಆ ಒಂದು ವಾಕ್ಯ ತಮ್ಮನ ನಾಲಿಗೆಗೆ ಬರಲಿ.